ಮಣಿಸರದ ಲೆಕ್ಕ

ಬೇಲೂರು ತಾಲ್ಲೂಕಿನ ಅರೇಹಳ್ಳಿಗೆ ನಾನು ಹೋದದ್ದು ಕಾಫಿ ಕುಯ್ಲಿನ ಕಾಲದಲ್ಲಿ. ಸಂಜೆಯ ಹೊತ್ತು ತೋಟದ ಹೆಣ್ಣಾಳುಗಳು ಗುಂಪುಕಟ್ಟಿಕೊಂಡು ಹಿಂದಿರುಗುತ್ತಿದ್ದರು. ಹಿರಿಯಾಕೆಯೊಬ್ಬರನ್ನು, "ಎಲ್ಲರೂ ಒಟ್ಟಿಗೇ ಹೊರಟಿರಲ್ಲಮ್ಮ?" ಎಂದು ಕೇಳಿದೆ. "ಆನೆ ಕಾಟ ಸ್ವಾಮಿ, ಒಬ್ಬೊಬ್ರೇ ಓಡಾಡೋ ಹಾಗಿಲ್ಲ" ಎಂದರು. ಮಾತು ಮನೆಮಕ್ಕಳ ಕಡೆಗೆ ತಿರುಗಿತು. "ನಮ್ಮವ್ವಂಗೆ ಎಂಟು, ನಂಗೆ ಮೂರು, ಮಗಳಿಗೆ ಒಂದೇ" ಎಂದು ಬೆರಳು ಮಡಿಸಿದರು.

ಆ ಮೂರು ತಲೆಮಾರಿನ ಲೆಕ್ಕದಲ್ಲಿ ನಮ್ಮ ನಾಡಿನ ಚರಿತ್ರೆಯೇ ಅಡಗಿದೆ.

ಒಂದಾನೊಂದು ಕಾಲದಲ್ಲಿ ಮೈಸೂರಿಗೆ ಜನ ಹೆಚ್ಚಾದರೆಂಬ ಚಿಂತೆಯಿರಲಿಲ್ಲ. ಜನ ಉಳಿಯುವರೇ ಎಂಬ ಚಿಂತೆಯಿದ್ದಿತು. 1871ರ ಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲಿದ್ದ ಸಂಸ್ಥಾನದ ಜನಸಂಖ್ಯೆ, 1876-78ರ ಮಹಾಕ್ಷಾಮದ ತರುವಾಯ, 1881ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿಯಿತು. ಹೆತ್ತ ಮಕ್ಕಳಲ್ಲಿ ಎಷ್ಟು ಉಳಿದಾವೆಂದು ತಿಳಿಯದ ತಾಯಿ ಎಂಟು ಹೆತ್ತರೆ ಅದನ್ನು ಅವಿವೇಕವೆನ್ನಲಾದೀತೆ?

ಅರ್ಧ ಶತಮಾನ ಕಳೆಯುವುದರೊಳಗೆ ಗಾಳಿ ಬದಲಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1930ರ ಜೂನ್ 11ರಂದು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಸರಕಾರ ಆಜ್ಞೆ ಹೊರಡಿಸಿತು. ಸರಕಾರವೊಂದು ತಾನಾಗಿ ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲೆಂದು ಹೇಳುತ್ತಾರೆ. ಮೈಸೂರಿನವರು ಹೆಮ್ಮೆಪಡಬೇಕಾದ ಮಾತೇ ಸರಿ.

ಆದರೆ ಆಜ್ಞೆ ಹೊರಟ ಮಾತ್ರಕ್ಕೆ ಅದು ಅಡುಗೆಮನೆಯವರೆಗೆ ತಲಪೀತೆ? ಸ್ವಾತಂತ್ರ್ಯ ಬಂದ ಮೇಲೆ, 1952ರ ಸುಮಾರಿಗೆ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ಒಂದು ಪ್ರಯೋಗ ನಡೆಯಿತು. ಅಮೆರಿಕದ ಡಾಕ್ಟರ್ ಅಬ್ರಹಾಂ ಸ್ಟೋನ್ ಅವರು ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರವನ್ನು ಕೊಡಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಇಂಥ ಬಣ್ಣ ಬಂದ ದಿನ ಗಂಡನಿಂದ ದೂರವಿರಬೇಕು. ಪ್ರಯೋಗ ಫಲಿಸಲಿಲ್ಲ. ಮಣಿಯನ್ನು ಸರಿಸುವುದು ಹೆಂಡತಿಯ ಕೈಲಿತ್ತು. "ಇವತ್ತು ಬೇಡ" ಎನ್ನುವ ಅಧಿಕಾರ ಎಷ್ಟು ಜನ ಹೆಂಡಿರಿಗಿತ್ತು? ಸರ ಕೊಟ್ಟವರು ಈ ಪ್ರಶ್ನೆಯನ್ನು ಗಂಡಂದಿರಿಗೆ ಮೊದಲು ಕೇಳಬೇಕಾಗಿತ್ತು.

ಕಾಲಕ್ರಮದಲ್ಲಿ ಮಕ್ಕಳು ಸಾಯುವುದು ಕಡಿಮೆಯಾಯಿತು, ಹುಡುಗಿಯರು ಶಾಲೆ ಹತ್ತಿದರು, ಮದುವೆಯ ವಯಸ್ಸು ಮುಂದೆ ಹೋಯಿತು. 1992-93ರಲ್ಲಿ ಕರ್ನಾಟಕದ ಹೆಣ್ಣೊಬ್ಬಳಿಗೆ ಸರಾಸರಿ 2.9ರಷ್ಟಿದ್ದ ಮಕ್ಕಳ ಲೆಕ್ಕ 2019-21ರ ಸಮೀಕ್ಷೆಯಲ್ಲಿ 1.7ಕ್ಕೆ ಇಳಿದಿದೆ. ಜನಸಂಖ್ಯೆ ಸ್ಥಿರವಾಗಿ ನಿಲ್ಲಲು ಬೇಕಾದ 2.1ಕ್ಕಿಂತಲೂ ಇದು ಕಡಿಮೆ. ಹಾಸನ ಜಿಲ್ಲೆಯ ಜನಸಂಖ್ಯೆಯೋ 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಬೆಳೆದದ್ದು ನೂರಕ್ಕೆ ಮೂರರಷ್ಟು ಮಾತ್ರ. ಈ ಗೆಲುವಿಗೆ ಬೆಲೆ ತೆತ್ತವರು ಯಾರು? ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡಸರ ಪಾಲು ನೂರಕ್ಕೆ ಒಂದೂ ಇಲ್ಲ.

ಜನ ಕಡಿಮೆಯಾದರೆ ಕಾಡು ಉಳಿಯುತ್ತದೆ, ನೀರು ಉಳಿಯುತ್ತದೆ ಎಂದು ನಮ್ಮ ಪೇಟೆಯವರು ಸುಲಭವಾಗಿ ಹೇಳಿಬಿಡುತ್ತೇವೆ. ಅರೇಹಳ್ಳಿಯ ಸುತ್ತ ನಿಂತು ನೋಡಿದರೆ ಆ ಮಾತು ಅರ್ಧ ಸತ್ಯವೆನಿಸುತ್ತದೆ. ಮಲೆನಾಡಿನ ಕಾಡನ್ನು ತುಂಡುತುಂಡಾಗಿಸಿದ್ದು ಬಡವರ ಮನೆಯ ತೊಟ್ಟಿಲೊಂದೇ ಅಲ್ಲ. ತೋಟಗಳು, ರಸ್ತೆಗಳು, ಜಲಾಶಯಗಳು, ಅವುಗಳಿಂದ ನಾವು ದೂರದಲ್ಲಿ ಕುಳಿತು ಪಡೆಯುವ ಸುಖ. ತೊಟ್ಟಿಲುಗಳು ಕಡಿಮೆಯಾದುವು, ಆನೆಗೆ ಮಾತ್ರ ದಾರಿ ಸಿಗಲಿಲ್ಲ. ಆ ಆನೆಯ ಎದುರಿಗೆ ಬೆಳಗ್ಗೆ ಸಂಜೆ ನಡೆಯಬೇಕಾದವಳು, ತನ್ನ ಪಾಲಿನ ಲೆಕ್ಕವನ್ನು ಮೊದಲು ತೀರಿಸಿದ ಆ ಹೆಣ್ಣೇ.

ಬಸ್ಸು ಬರುವ ಹೊತ್ತಿಗೆ ಕತ್ತಲಾಗಿದ್ದಿತು. ನಿಲ್ದಾಣದ ಹೋಟೆಲಿನಲ್ಲಿ ಒಂದು ಲೋಟ ಕಾಫಿ ಕುಡಿದೆ. ಚೆನ್ನಾಗಿಯೇ ಇದ್ದಿತು. ಆದರೆ ಅದರ ಲೆಕ್ಕ ನನ್ನ ಕಡೆಯಿಂದ ಇನ್ನೂ ಬಾಕಿ ಉಳಿದಿದೆ ಎನಿಸಿತು.