ಸೈಂಟ್ ಮೇರೀಸ್ ದ್ವೀಪ: ಲಾವಾರಸ ಕಟ್ಟಿದ ಕಲ್ಲಿನ ಕಂಬಗಳು

ಉಡುಪಿ ಜಿಲ್ಲೆಯ ಮಲ್ಪೆ ತೀರದಿಂದ ಸುಮಾರು 6 ಕಿ.ಮೀ. ದೂರದಲ್ಲಿ, ಅರಬ್ಬಿ ಸಮುದ್ರದಲ್ಲಿರುವ ಪುಟ್ಟ ದ್ವೀಪಗಳ ಗುಂಪೇ ಸೈಂಟ್ ಮೇರೀಸ್. ತೋನ್ಸೆಪಾರ್ ಎಂಬ ಹೆಸರೂ ಇದಕ್ಕಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಈಗಿನ ಹೆಸರಿಗೆ ಕಾರಣನಾದ ಎಂಬ ಪ್ರತೀತಿ ಇದೆ.

ಇಲ್ಲಿ ಈಗ ಉರಿಯುವ ಜ್ವಾಲಾಮುಖಿ ಇಲ್ಲ. ಆದರೆ ಕಾಲಿಟ್ಟ ಬಂಡೆಯೆಲ್ಲ ಗಟ್ಟಿಯಾದ ಲಾವಾರಸವೇ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರ್ಪಡುವ ಕಾಲದಲ್ಲಿ ಇದು ಉಕ್ಕಿ ಹರಿಯಿತು. ತಣಿಯುವಾಗ ಕುಗ್ಗಿ ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ಗದ್ದೆಯ ಕೆಸರು ಒಣಗಿ ಬಿರಿಯುತ್ತದಲ್ಲ, ಹಾಗೆ. ಬಿರುಕು ಆಳಕ್ಕಿಳಿದು ಐದು, ಆರು, ಏಳು ಮೂಲೆಯ ಕಂಬಗಳಾದವು. ಯಾರೂ ಕಡೆದು ನಿಲ್ಲಿಸಿದ್ದಲ್ಲ. ಹಾಗಾಗಿಯೇ ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಕಂಬಗಳ ಪಕ್ಕದಲ್ಲೇ ತೆಂಗಿನ ಮರಗಳು, ಇನ್ನೊಂದು ಬದಿಗೆ ಚಿಪ್ಪು ತುಂಬಿದ ದಂಡೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತ. ಏಪ್ರಿಲ್, ಮೇಯಲ್ಲಿ ಕಲ್ಲು ಕಾದು ಸುಡುತ್ತದೆ. ಕೊಡೆ, ಕುಡಿಯುವ ನೀರು ಜೊತೆಗಿರಲಿ. ಮಳೆಗಾಲದಲ್ಲಿ ಕಡಲು ಬಿರುಸಾಗುವುದರಿಂದ ಪ್ರವಾಸಿ ಬೋಟುಗಳು ಹೋಗುವುದಿಲ್ಲ. ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ಹೊರಡುವ ಮುನ್ನ ವಾಪಸ್ ಬೋಟಿನ ಸಮಯ ಕೇಳಿಕೊಳ್ಳಿ.

ರಜೆಯಲ್ಲಿ ಮಕ್ಕಳೊಂದಿಗೆ ಹೋಗುವವರು ಒಂದು ಮಾತು ಮರೆಯಬೇಡಿ. ಪಾಚಿ ಹಿಡಿದ ಕಲ್ಲು ಜಾರುತ್ತದೆ, ಅದರ ಬುಡದಲ್ಲೇ ನೀರು ಆಳ. ಇಲ್ಲಿ ಕಡಲಿಗೆ ಬಿದ್ದು ಜೀವ ಕಳೆದುಕೊಂಡವರಿದ್ದಾರೆ. ಈಜು ಬರುತ್ತದೆ ಎಂಬ ಧೈರ್ಯ ಬೇಡ, ಫೋಟೋಗಾಗಿ ಅಂಚಿಗೆ ಹೋಗುವುದೂ ಬೇಡ. ಕಲ್ಲು, ಚಿಪ್ಪು ಅಲ್ಲೇ ಇರಲಿ. ತಂದ ಪ್ಲಾಸ್ಟಿಕ್ ಮಾತ್ರ ನಿಮ್ಮೊಂದಿಗೇ ವಾಪಸ್ ಬರಲಿ.