ಮೂಲೆಗೆ ಮೊದಲು ಹೋಗುವವನು: ಬೋರ್ಯೆ ಸಾಲ್ಮಿಂಗ್ ಮತ್ತು ಐಸ್ ಹಾಕಿಯ ಡಿಫೆಂಡರ್ ಸ್ಥಾನ

1973ರಲ್ಲಿ ಸ್ವೀಡನ್ನಿನ ಬ್ರಿನೆಸ್ ಕ್ಲಬ್ಬಿನ ಇಬ್ಬರು ಆಟಗಾರರು ಕೆನಡಾದ ಟೊರಾಂಟೊ ಮೇಪಲ್ ಲೀಫ್ಸ್ ತಂಡವನ್ನು ಸೇರಿದರು. ಒಬ್ಬರು ಡಿಫೆಂಡರ್ ಬೋರ್ಯೆ ಸಾಲ್ಮಿಂಗ್, ಇನ್ನೊಬ್ಬರು ಅಂಚಿನಲ್ಲಿ ಆಡುವ ದಾಳಿಕಾರ, ಅಂದರೆ ವಿಂಗರ್, ಇಂಗೆ ಹಮ್ಮರ್‌ಸ್ಟ್ರೋಮ್. ಕ್ಲಬ್ಬು ಒಂದೇ, ತರಬೇತಿ ಒಂದೇ, ನ್ಯಾಷನಲ್ ಹಾಕಿ ಲೀಗ್‌ಗೆ ಕಾಲಿಟ್ಟ ವರ್ಷವೂ ಒಂದೇ. ಹಮ್ಮರ್‌ಸ್ಟ್ರೋಮ್ ಅವರನ್ನು 1977ರಲ್ಲಿ ಸೇಂಟ್ ಲೂಯಿಸ್ ತಂಡಕ್ಕೆ ಕೊಟ್ಟುಬಿಟ್ಟರು. ಸಾಲ್ಮಿಂಗ್ ಹದಿನಾರು ಋತು ಟೊರಾಂಟೊದಲ್ಲೇ ಆಡಿ, ಆ ಊರಿನವರೇ ಆಗಿಹೋದರು. ಈ ವ್ಯತ್ಯಾಸಕ್ಕೆ ಕ್ರೀಡಾ ಬರಹಗಳು ಕೊಡುತ್ತ ಬಂದಿರುವ ಉತ್ತರ ಸರಳ: ಒಬ್ಬ ಗಟ್ಟಿಗ, ಇನ್ನೊಬ್ಬ ಮೆದು. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಇಬ್ಬರ ಹಣೆಬರಹವನ್ನು ಬೇರೆ ಮಾಡಿದ್ದರಲ್ಲಿ ಅವರ ಗುಂಡಿಗೆಗಿಂತ ಅವರು ಆಡುತ್ತಿದ್ದ ಜಾಗದ ಪಾಲು ದೊಡ್ಡದು ಎಂಬುದು ಈ ಲೇಖನದ ವಾದ.

ಆ ಜಾಗ ಯಾವುದೆಂದು ಮೊದಲು ನೋಡಬೇಕು. ಹಾಕಿ ಎಂದೊಡನೆ ಕೊಡಗಿನ ಮೈದಾನವನ್ನು ನೆನೆಯುವ ನಮಗೆ ಎದುರಾಳಿಯ ಮೈಮೇಲೆ ಬೀಳುವುದು ತಪ್ಪು. ಐಸ್ ಹಾಕಿಯಲ್ಲಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹಿಡಿದವನಿಗೆ ಭುಜದಿಂದಲೋ ಸೊಂಟದಿಂದಲೋ ಡಿಕ್ಕಿ ಕೊಡುವುದು ನಿಯಮಬದ್ಧ. ಅಂಕಣದ ಸುತ್ತ ಹಲಗೆಯ ಗೋಡೆಯಿರುವುದರಿಂದ ಪಕ್ ಹೊರಗೆ ಹೋಗದೆ ಮೂಲೆಗೆ ಬಡಿದು ಸುತ್ತಿಬರುತ್ತದೆ. ದಾಳಿಯ ತಂಡ ಎದುರಿನ ಸಾಲನ್ನು ಭೇದಿಸಲಾಗದಿದ್ದರೆ ಪಕ್ಕನ್ನು ಉದ್ದೇಶಪೂರ್ವಕವಾಗಿ ಮೂಲೆಗೆ ಹೊಡೆದು ಬೆನ್ನಟ್ಟುತ್ತದೆ. ಆಗ ಡಿಫೆಂಡರ್ ಹಿಂದಕ್ಕೆ ತಿರುಗಿ, ಗೋಡೆಗೆ ಮುಖಮಾಡಿ ಅದನ್ನು ಎತ್ತಿಕೊಳ್ಳಬೇಕು. ಬೆನ್ನ ಹಿಂದೆ ತೊಂಬತ್ತು ಕಿಲೋ ತೂಕದ ಆಳು ಪೂರ್ತಿ ವೇಗದಲ್ಲಿ ಬರುತ್ತಿರುವುದು ಅವನಿಗೆ ಕೇಳಿಸುತ್ತದೆ, ಕಾಣಿಸುವುದಿಲ್ಲ. ವಿಂಗರ್‌ಗೆ ಮೂಲೆಗೆ ಹೋಗುವುದೋ ಬಿಡುವುದೋ ಎಂಬ ಆಯ್ಕೆ ಹಲವು ಸಲ ಉಳಿದಿರುತ್ತದೆ. ಡಿಫೆಂಡರ್‌ಗೆ ಅದಿಲ್ಲ. ಅವನು ಹೋಗದಿದ್ದರೆ ಗೋಲು.

ಯುರೋಪಿನಿಂದ ಬಂದವನಿಗೆ ಇನ್ನೊಂದು ಕಷ್ಟವಿತ್ತು. ಆಗ ಅಂತರರಾಷ್ಟ್ರೀಯ ಅಂಕಣದ ಅಗಲ ಸುಮಾರು 30 ಮೀಟರ್ ಇತ್ತು, ಉತ್ತರ ಅಮೆರಿಕದ್ದು 26. ಕಡಿಮೆಯಾದ ನಾಲ್ಕು ಮೀಟರ್ ಎಂದರೆ ಯೋಚಿಸುವ ಸಮಯದಲ್ಲೇ ಕಡಿತ. ಅಲ್ಲಿ ಪಾಸ್ ಕೊಟ್ಟು ಮುಗಿಸುವಷ್ಟರಲ್ಲಿ ಇಲ್ಲಿ ಡಿಕ್ಕಿ ಬಿದ್ದಾಗಿರುತ್ತದೆ.

ಸಾಲ್ಮಿಂಗ್ ಹುಟ್ಟಿದ್ದು 1951ರ ಏಪ್ರಿಲ್ 17ರಂದು, ಸ್ವೀಡನ್ನಿನ ಉತ್ತರ ತುದಿಯ ಕಿರುನಾ ಸೀಮೆಯಲ್ಲಿ. ತಂದೆ ಆ ಉತ್ತರ ಸೀಮೆಯ ಮೂಲನಿವಾಸಿಗಳಾದ ಸಾಮಿ ಸಮುದಾಯದವರು. ಕಬ್ಬಿಣದ ಗಣಿಯಲ್ಲಿ ದುಡಿಯುತ್ತಿದ್ದ ಅವರು ಮಗನಿಗೆ ಐದು ವರ್ಷವಾಗಿದ್ದಾಗ ಅಲ್ಲಿಯ ಅಪಘಾತದಲ್ಲಿ ತೀರಿಕೊಂಡರು. ಅಣ್ಣ ಸ್ಟಿಗ್ ಕೂಡ ಡಿಫೆಂಡರೇ. ಅಣ್ಣತಮ್ಮ ಇಬ್ಬರೂ ಯೆವ್ಲೆ ಪಟ್ಟಣಕ್ಕೆ ಬಂದು ಬ್ರಿನೆಸ್‌ಗೆ ಆಡಿದರು. ಬೋರ್ಯೆ ಇದ್ದ ತಂಡ 1971 ಮತ್ತು 1972ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಅಪ್ಪನಿಲ್ಲದ ಗಣಿಯೂರಿನ ಹುಡುಗ ಗಟ್ಟಿಗನಾಗದೆ ಇನ್ನೇನಾಗುತ್ತಾನೆ ಎಂದು ಬರೆಯುವವರಿಗೆ ಇಲ್ಲಿ ಸುಲಭದ ದಾರಿಯೊಂದು ಸಿಕ್ಕಿಬಿಡುತ್ತದೆ. ಬಾಲ್ಯದ ದುಃಖದಿಂದ ಆಟದ ಶೈಲಿಯನ್ನು ನೇರವಾಗಿ ಎಳೆದು ತರುವ ಧೈರ್ಯ ನನಗಿಲ್ಲ.

ಟೊರಾಂಟೊ ಯುರೋಪಿನತ್ತ ನೋಡಿದ್ದು ಒಲವಿನಿಂದಲ್ಲ, ಅಗತ್ಯದಿಂದ. 1972ರಲ್ಲಿ ಶುರುವಾದ ಪ್ರತಿಸ್ಪರ್ಧಿ ಲೀಗ್ ವರ್ಲ್ಡ್ ಹಾಕಿ ಅಸೋಸಿಯೇಷನ್ ಹೆಚ್ಚು ಸಂಬಳ ಕೊಟ್ಟು ಮೇಪಲ್ ಲೀಫ್ಸ್‌ನ ಹಲವರನ್ನು ಸೆಳೆದುಕೊಂಡಿತ್ತು. ಗೋಲ್‌ಕೀಪರ್ ಬರ್ನಿ ಪ್ಯಾರೆಂಟ್ ಅವರಲ್ಲೊಬ್ಬರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸೋವಿಯತ್ ತಂಡ ಕೆನಡಾದ ಘಟಾನುಘಟಿಗಳಿಗೆ ಬೆವರಿಳಿಸಿ, ಸಮುದ್ರದಾಚೆಯವರಿಗೂ ಆಟ ಬರುತ್ತದೆಂದು ತೋರಿಸಿತ್ತು. ಲೀಫ್ಸ್‌ಗಾಗಿ ಆಟಗಾರರನ್ನು ಹುಡುಕುತ್ತ ಸ್ವೀಡನ್ನಿಗೆ ಹೋದ ಗೆರ್ರಿ ಮೆಕ್‌ನಮಾರಾ ಅವರ ಕಣ್ಣಿಗೆ ಸಾಲ್ಮಿಂಗ್ ಬಿದ್ದರು.

ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಆಡಿದ ಮೊದಲ ಸ್ವೀಡಿಷ್ ಆಟಗಾರ ಸಾಲ್ಮಿಂಗ್ ಅಲ್ಲ. ಉಲ್ಫ್ ಸ್ಟರ್ನರ್ 1965ರಲ್ಲೇ ನ್ಯೂಯಾರ್ಕ್ ರೇಂಜರ್ಸ್ ಪರ ನಾಲ್ಕು ಪಂದ್ಯ ಆಡಿದ್ದರು. ಥಾಮಿ ಬರ್ಗ್‌ಮನ್ 1972ರಲ್ಲಿ ಡೆಟ್ರಾಯಿಟ್ ಸೇರಿದ್ದರು. ಆದರೆ ಯುರೋಪಿಯನ್ನರ ಬಗ್ಗೆ ಲೀಗ್‌ಗೆ ಇದ್ದ ಅಭಿಪ್ರಾಯವನ್ನು ಪಲ್ಲಟಗೊಳಿಸುವ ಭಾರ ಬಿದ್ದದ್ದು ಸಾಲ್ಮಿಂಗ್ ಹೆಗಲಿಗೆ. ಮೊದಲ ವಾರದಲ್ಲೇ ಫಿಲಡೆಲ್ಫಿಯಾ ಫ್ಲೈಯರ್ಸ್ ಎದುರಾಯಿತು. ಹೊಡೆದಾಟವನ್ನೇ ತಂತ್ರ ಮಾಡಿಕೊಂಡಿದ್ದ ಆ ತಂಡದ ಡೇವ್ ಶುಲ್ಟ್ಸ್ ಸಾಲ್ಮಿಂಗ್ ಮೇಲೆ ಬಿದ್ದರು, ಸಾಲ್ಮಿಂಗ್ ಹಿಂಜರಿಯಲಿಲ್ಲ. ‘ಹೇಡಿ ಸ್ವೀಡನ್ನರು’ ಎಂಬ ಬೈಗುಳ ಆಗ ಅಂಕಣಗಳಲ್ಲಿ ಮಾಮೂಲಿಯಾಗಿತ್ತು.

ಹಮ್ಮರ್‌ಸ್ಟ್ರೋಮ್ ಅವರ ಮೊದಲ ನಾಲ್ಕು ಋತುಗಳ ಗೋಲುಗಳು ಎಂಬತ್ತು ದಾಟುತ್ತವೆ. ವಿಂಗರ್ ಒಬ್ಬನಿಗೆ ಅದು ಗೌರವದ ಸಂಖ್ಯೆ. ಹಾಗಿದ್ದರೂ ತಂಡದ ಮಾಲೀಕ ಹ್ಯಾರಲ್ಡ್ ಬ್ಯಾಲರ್ಡ್, ಜೇಬಿನಲ್ಲಿ ಮೊಟ್ಟೆಗಳನ್ನಿಟ್ಟುಕೊಂಡು ಈತ ಮೂಲೆಗೆ ಹೋಗಿ ಬಂದರೂ ಒಂದೂ ಒಡೆಯದು ಎಂದು ಬಹಿರಂಗವಾಗಿ ಹೀಯಾಳಿಸಿದರು. ಆ ಮಾತು ಎಷ್ಟು ಹರಡಿತೆಂದರೆ ಆಟಗಾರನ ಹೆಸರಿಗೇ ಅಂಟಿಕೊಂಡಿತು. ನನಗೆ ಇದು ಅನ್ಯಾಯವಾಗಿ ಕಾಣುತ್ತದೆ. ಅವರ ಕೆಲಸ ಖಾಲಿ ಜಾಗ ಹುಡುಕುವುದು, ವೇಗದಲ್ಲಿ ನುಗ್ಗುವುದು. ಡಿಕ್ಕಿ ತಪ್ಪಿಸಿಕೊಂಡು ಗೋಲು ಹೊಡೆದರೂ ಅದನ್ನು ಹೇಡಿತನವೆಂದು ಓದಲು ಸಾಧ್ಯವಿತ್ತು. ಸಾಲ್ಮಿಂಗ್ ವಿಷಯದಲ್ಲಿ ಅಂಥ ಓದಿಗೆ ಅವಕಾಶವೇ ಇರಲಿಲ್ಲ. ಪ್ರತಿ ರಾತ್ರಿ ಹತ್ತಾರು ಸಲ ಅವರು ಮೂಲೆಗೆ ಮೊದಲು ಹೋಗುವುದನ್ನು ಸಾವಿರಾರು ಮಂದಿ ಕಣ್ಣಾರೆ ನೋಡುತ್ತಿದ್ದರು. ಧೈರ್ಯದ ಪುರಾವೆ ಅವರ ದಿನನಿತ್ಯದ ಕೆಲಸದೊಳಗೇ ಇತ್ತು.

ಈ ವಾದಕ್ಕೆ ತೊಡಕಾಗುವ ಉದಾಹರಣೆಯೂ ಇದೆ. 1974ರಲ್ಲಿ ವಿನ್ನಿಪೆಗ್ ಜೆಟ್ಸ್ ಸೇರಿದ ಆಂಡರ್ಸ್ ಹೆಡ್‌ಬರ್ಗ್, ಉಲ್ಫ್ ನಿಲ್ಸನ್ ಇಬ್ಬರೂ ಫಾರ್ವರ್ಡ್‌ಗಳು. ಪೆಟ್ಟು ತಿಂದೂ ಗೆದ್ದರು. ಆದರೆ ಅವರು ಪ್ರತಿಸ್ಪರ್ಧಿ ಲೀಗ್‌ನಲ್ಲಿದ್ದರು, ಜೊತೆಗೆ ಸ್ವದೇಶದ ಹಲವರಿದ್ದರು, ಮತ್ತು ಅದೇ ಸಾಲಿನಲ್ಲಿ ಬಾಬಿ ಹಲ್ ಎಂಬ ಕೆನಡಾದ ಮಹಾನ್ ಆಟಗಾರ ಇದ್ದ. ತನ್ನ ಜೊತೆಗಾರರ ಮೇಲಿನ ಹಿಂಸೆಯನ್ನು ಪ್ರತಿಭಟಿಸಿ ಹಲ್ 1975ರಲ್ಲಿ ಒಂದು ಪಂದ್ಯವನ್ನೇ ಆಡಲಿಲ್ಲ. ಹಮ್ಮರ್‌ಸ್ಟ್ರೋಮ್ ಪರ ಹಾಗೆ ನಿಲ್ಲಬೇಕಾಗಿದ್ದ ಮಾಲೀಕನೇ ನಗೆಯಾಡುತ್ತಿದ್ದ.

ಸಾಲ್ಮಿಂಗ್ ಬರಿಯ ಏಟು ತಾಳಿಕೊಂಡು ಉಳಿದರು ಎಂದರೆ ಅವರ ಕೌಶಲಕ್ಕೆ ಮೋಸ ಮಾಡಿದಂತೆ. ಮೂಲೆಯಲ್ಲಿ ಪಕ್ ಎತ್ತಿಕೊಂಡವರೇ ಒಂದೇ ಹೊರಳಿನಲ್ಲಿ ಬೆನ್ನಟ್ಟಿದವನನ್ನು ಗೋಡೆಗೆ ಬಿಟ್ಟು ಹೊರಬರುತ್ತಿದ್ದರು; ಮುಂದಿನ ಪಾಸ್ ಓಡುತ್ತಿರುವವನ ಸ್ಟಿಕ್‌ಗೇ ತಲುಪುತ್ತಿತ್ತು. ಎದುರಾಳಿಯ ಹೊಡೆತಕ್ಕೆ ಮೈಯೊಡ್ಡಿ ಐಸಿನ ಮೇಲೆ ಬೀಳುವುದನ್ನು ಒಂದು ಕಲೆಯನ್ನಾಗಿಸಿದ್ದರು. 1976–77ರಲ್ಲಿ 12 ಗೋಲು, 66 ಅಸಿಸ್ಟ್ (ಗೋಲಿಗೆ ನೆರವಾದ ಪಾಸ್); ಆ ವರ್ಷ ಲೀಗ್‌ನ ಮೊದಲ ಆಲ್-ಸ್ಟಾರ್ ತಂಡದಲ್ಲಿ ಸ್ಥಾನ. ಅತ್ಯುತ್ತಮ ಡಿಫೆಂಡರ್‌ಗೆ ಕೊಡುವ ನಾರಿಸ್ ಟ್ರೋಫಿ ಆ ಸಲ ಮಾಂಟ್ರಿಯಲ್‌ನ ಲ್ಯಾರಿ ರಾಬಿನ್ಸನ್ ಪಾಲಾಯಿತು. ಸಾಲ್ಮಿಂಗ್‌ಗೆ ಅದು ಎಂದೂ ದಕ್ಕಲಿಲ್ಲ, ಲೀಗ್ ಚಾಂಪಿಯನ್ನರಿಗೆ ಕೊಡುವ ಸ್ಟಾನ್ಲಿ ಕಪ್ಪೂ ದಕ್ಕಲಿಲ್ಲ. ಟೊರಾಂಟೊ ಪರ 1,099 ಪಂದ್ಯ, 620 ಅಸಿಸ್ಟ್. ಅಸಿಸ್ಟ್‌ಗಳಲ್ಲಿ ಅದು ತಂಡದ ದಾಖಲೆ.

1976ರ ಸೆಪ್ಟೆಂಬರ್‌ನಲ್ಲಿ ಕೆನಡಾ ಕಪ್ ನಡೆಯಿತು. ಸಾಲ್ಮಿಂಗ್ ಸ್ವೀಡನ್ನಿನ ಜೆರ್ಸಿ ತೊಟ್ಟು ಲೀಫ್ಸ್ ತಂಡದ ತವರು ಅಂಕಣ ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ ಕಾಣಿಸಿಕೊಂಡಾಗ ಟೊರಾಂಟೊ ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಲೇ ಇದ್ದರು. ಬೇರೆ ದೇಶದ ಪರ ಆಡಲು ಬಂದ ಆಟಗಾರನಿಗೆ ಸಂದ ಈ ಗೌರವ ಯಾವ ಅಂಕಿಗಿಂತಲೂ ಬಲವಾದ ಸಾಕ್ಷ್ಯ.

ಆ ಸ್ಥಾನ ಬೆಲೆಯನ್ನೂ ವಸೂಲು ಮಾಡಿತು. 1978ರ ಪ್ಲೇಆಫ್‌ನಲ್ಲಿ ಕಣ್ಣಿಗೆ ಸ್ಟಿಕ್ ತಗುಲಿ ಹೊರಗುಳಿಯಬೇಕಾಯಿತು. 1986ರ ನವೆಂಬರ್‌ನಲ್ಲಿ ಗೋಲಿನ ಮುಂದಿನ ನೂಕುನುಗ್ಗಲಿನಲ್ಲಿ ಬಿದ್ದಾಗ ಎದುರಾಳಿಯ ಸ್ಕೇಟ್ ಅಕಸ್ಮಾತ್ತಾಗಿ ಮುಖ ಸೀಳಿತು. ಇನ್ನೂರಕ್ಕೂ ಹೆಚ್ಚು ಹೊಲಿಗೆ ಬಿದ್ದವು. ಅದೇ ಋತುವಿನಲ್ಲಿ ಮತ್ತೆ ಆಡಿದರು. 1989–90ರಲ್ಲಿ ಡೆಟ್ರಾಯಿಟ್‌ನಲ್ಲಿ ಕೊನೆಯ ಋತು ಮುಗಿಸಿ ಸ್ವದೇಶಕ್ಕೆ ಮರಳಿ, 1992ರ ಒಲಿಂಪಿಕ್ಸ್‌ನಲ್ಲಿ ನಲವತ್ತರ ವಯಸ್ಸಿನಲ್ಲಿ ಸ್ವೀಡನ್ನಿಗೆ ಆಡಿದರು. 1996ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಸ್ವೀಡಿಷ್ ಆಟಗಾರ ಅವರೇ.

ಹಮ್ಮರ್‌ಸ್ಟ್ರೋಮ್ ಮುಂದೆ ಪ್ರತಿಭೆ ಹುಡುಕುವ ಕೆಲಸಕ್ಕಿಳಿದರು, ಅದೂ ಫಿಲಡೆಲ್ಫಿಯಾ ಫ್ಲೈಯರ್ಸ್‌ಗಾಗಿ. ಅವರ ಮಾತು ನಂಬಿ ಆ ತಂಡ 1991ರಲ್ಲಿ ಪೀಟರ್ ಫೋರ್ಸ್‌ಬರ್ಗ್ ಎಂಬ ಹುಡುಗನನ್ನು ಆರಿಸಿಕೊಂಡಿತು. ಮೂಲೆಯಲ್ಲಿ ಎದುರಾಳಿಗೆ ಮಣಿಯದ ಫಾರ್ವರ್ಡ್ ಎಂದೇ ಫೋರ್ಸ್‌ಬರ್ಗ್ ಹೆಸರಾದದ್ದು. ಮೊಟ್ಟೆಯ ಮಾತನ್ನು ನೆನಪಿಡುವವರು ಇದನ್ನೂ ನೆನಪಿಡಬೇಕು.

ಸ್ನಾಯುಗಳನ್ನು ಒಂದೊಂದಾಗಿ ಕಸಿಯುವ ಎಎಲ್‌ಎಸ್ ಕಾಯಿಲೆ ಸಾಲ್ಮಿಂಗ್‌ಗೆ ಬಂದಿರುವುದು 2022ರ ಆಗಸ್ಟ್‌ನಲ್ಲಿ ಲೋಕಕ್ಕೆ ತಿಳಿಯಿತು. ನವೆಂಬರ್‌ನಲ್ಲಿ ಅವರು ಟೊರಾಂಟೊಗೆ ಬಂದಾಗ ಮಾತು ನಿಂತುಹೋಗಿತ್ತು. ಹಳೆಯ ನಾಯಕ ಡ್ಯಾರಿಲ್ ಸಿಟ್ಲರ್, ಸಾಲ್ಮಿಂಗ್ ಕೈಯನ್ನು ಎತ್ತಿಹಿಡಿದು ಜನರತ್ತ ಬೀಸಲು ನೆರವಾದರು. ನವೆಂಬರ್ 12ರಂದು ಲೀಫ್ಸ್ ತಂಡ ಪಂದ್ಯ ಆರಂಭಿಸಿದ್ದು ಆರು ಮಂದಿ ಸ್ವೀಡಿಷ್ ಆಟಗಾರರೊಂದಿಗೆ: ಗೋಲ್‌ಕೀಪರ್ ಒಬ್ಬ, ಡಿಫೆಂಡರ್‌ಗಳು ಇಬ್ಬರು, ಫಾರ್ವರ್ಡ್‌ಗಳು ಮೂವರು. ಹನ್ನೆರಡು ದಿನಗಳ ಬಳಿಕ ಸಾಲ್ಮಿಂಗ್ ತೀರಿಕೊಂಡರು.