ಕೇಳಿಯ ಸದ್ದು, ನೆರೆಮನೆಯ ನಿದ್ದೆ

ಹೊತ್ತು ಮುಳುಗುವ ವೇಳೆಗೆ ಆಟದ ಬಯಲಿನಲ್ಲಿ ಚೆಂಡೆ ಮದ್ದಳೆಗಳನ್ನು ಸ್ವಲ್ಪ ಹೊತ್ತು ಬಾರಿಸುವ ಪದ್ಧತಿಗೆ ನಮ್ಮ ಕಡೆ ‘ಕೇಳಿ’ ಎಂದು ಹೆಸರು. ಇಂದು ಇಲ್ಲಿ ಬಯಲಾಟವಿದೆ ಎಂದು ಸುತ್ತಲಿನ ಊರುಗಳಿಗೆ ಸಾರುವುದೇ ಅದರ ಉದ್ದೇಶ. ಕರಪತ್ರವಿಲ್ಲದ ಕಾಲದಲ್ಲಿ ಗುಡ್ಡದಾಚೆಯ ಮನೆಗೆ ತಲುಪುತ್ತಿದ್ದ ಆಮಂತ್ರಣ ಅದೊಂದೇ. ಕೇಳಿ ಕಿವಿಗೆ ಬಿದ್ದೊಡನೆ ಮನೆಯ ಹೆಂಗಸರು ಬೇಗ ಬೇಗ ಅಡುಗೆ ಮುಗಿಸುತ್ತಿದ್ದರು. ಮಕ್ಕಳು ಚಾಪೆ ಸುತ್ತಿಕೊಂಡು ಜಗಲಿಯಲ್ಲಿ ಸಿದ್ಧರಾಗುತ್ತಿದ್ದರು. ಅದೇ ಚೆಂಡೆಯ ಸದ್ದು ಇಂದು ಕಾಸರಗೋಡಿನ ಯಾವುದಾದರೂ ಓಣಿಯಲ್ಲಿ ರಾತ್ರಿ ಹತ್ತರ ಬಳಿಕವೂ ಮುಂದುವರಿದರೆ, ನೆರೆಮನೆಯಿಂದ ಪೊಲೀಸ್ ಠಾಣೆಗೆ ದೂರವಾಣಿ ಕರೆ ಹೋಗುತ್ತದೆ. ಆಮಂತ್ರಣವಾಗಿದ್ದ ಸದ್ದು ದೂರಿಗೆ ಕಾರಣವಾದದ್ದು ಹೇಗೆ? ಭಕ್ತಿ ಕಡಿಮೆಯಾಯಿತು, ಕಲಾಭಿಮಾನ ಅಳಿಯಿತು ಎಂದು ಸುಲಭವಾಗಿ ಉತ್ತರಿಸುವವರಿದ್ದಾರೆ. ಇತಿಹಾಸವನ್ನು ತುಸು ಕೆದಕಿ ನೋಡಿದರೆ ಉತ್ತರ ಅಷ್ಟು ಸರಳವಲ್ಲ.

ಮೊದಲಿಗೆ, ಆಟ ಇಡೀ ರಾತ್ರಿ ಏಕೆ ನಡೆಯುತ್ತಿತ್ತು ಎಂಬುದನ್ನು ನೋಡೋಣ. ಶಾಸ್ತ್ರದ ಕಟ್ಟಳೆ ಇದಕ್ಕೆ ಕಾರಣವಲ್ಲ. ಭರತಮುನಿಯ ನಾಟ್ಯಶಾಸ್ತ್ರವು ನಡುಹಗಲು, ನಡುರಾತ್ರಿ, ಸಂಧ್ಯಾಕಾಲ ಮತ್ತು ಊಟದ ಹೊತ್ತಿನಲ್ಲಿ ನಾಟ್ಯಪ್ರಯೋಗ ಸಲ್ಲದೆಂದೇ ಹೇಳುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇನ್ನೊಂದು ಸ್ವಾರಸ್ಯವಿದೆ. ರಾತ್ರಿಯ ಗೊತ್ತಾದ ಅವಧಿಯಲ್ಲಿ ವಾದ್ಯ ಮೊಳಗಿಸಿ ನಗರದಲ್ಲಿ ಜನರ ಓಡಾಟವನ್ನು ನಿರ್ಬಂಧಿಸಬೇಕೆಂದು ವಿಧಿಸುವ ಆ ಗ್ರಂಥ, ಹೆರಿಗೆ, ಚಿಕಿತ್ಸೆ, ಶವಸಂಸ್ಕಾರ, ಬೆಂಕಿಯ ಅನಾಹುತ ಮೊದಲಾದ ಕಾರಣಗಳಿಗೆ ಹೊರಬಂದವರನ್ನು ಹಿಡಿಯಬಾರದೆನ್ನುತ್ತದೆ. ಆ ಪಟ್ಟಿಯಲ್ಲಿ ಆಟ ನೋಡಲು ಹೊರಟವರೂ ಸೇರಿದ್ದಾರೆ. ರಾತ್ರಿಯ ನೆಮ್ಮದಿ ಮತ್ತು ರಾತ್ರಿಯ ರಂಜನೆ ಇವೆರಡಕ್ಕೂ ಎಡೆ ಮಾಡಿಕೊಡಬೇಕಾದ ಕಷ್ಟ ಇಂದು ನಿನ್ನೆಯದಲ್ಲವೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಬಯಲಾಟದ ಇರುಳಿಗೆ ಕಾರಣವಾದದ್ದು ಬೇಸಾಯದ ಬದುಕು. ದೀಪಾವಳಿ ಕಳೆದು ಗದ್ದೆಯ ಕೊಯ್ಲು ಮುಗಿಯುತ್ತ ಬಂದಾಗ ಮೇಳಗಳು ಹೊರಡುತ್ತಿದ್ದವು. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚುತ್ತಿದ್ದವು. ಆ ನಡುವಣ ತಿಂಗಳುಗಳಲ್ಲಿ ಕೊಯ್ದ ಗದ್ದೆಯೇ ರಂಗಸ್ಥಳ, ಅದರ ಅಂಚುಗಳೇ ಗ್ಯಾಲರಿ. ಹಗಲು ದುಡಿಮೆಗೆ ಮೀಸಲಾದ್ದರಿಂದ ಬಿಡುವು ದೊರೆಯುತ್ತಿದ್ದುದು ರಾತ್ರಿಯಲ್ಲಿ. ಹಳ್ಳ, ತೋಡು, ಸಂಕ, ಕಾಡುದಾರಿಗಳನ್ನು ದಾಟಿ ಬಂದವರು ನಡುರಾತ್ರಿಯಲ್ಲಿ ಮರಳುವಂತಿರಲಿಲ್ಲ. ಬೆಳಕು ಹರಿಯುವವರೆಗೆ ಕುಳಿತಿರುವುದೇ ಕ್ಷೇಮವಾಗಿತ್ತು. ಆಟದ ರಚನೆಯೂ ಇದಕ್ಕೆ ಹೊಂದಿಕೊಂಡಿತು. ಮೊದಲ ಜಾವದಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು. ಆಮೇಲೆ ಪ್ರಸಂಗದ ಏರಿಕೆ. ಜನ ತೂಕಡಿಸುವ ಹೊತ್ತಿಗೆ ಸರಿಯಾಗಿ ದೊಂದಿಯ ಬೆಳಕಿನಲ್ಲಿ ಬಣ್ಣದ ವೇಷದ ಅಬ್ಬರದ ಪ್ರವೇಶ. ಆ ಅಬ್ಬರ ನಿದ್ದೆಗೆಡಿಸಲೆಂದೇ ಇತ್ತು. ಕೆಡುತ್ತಿದ್ದುದು ಮಾತ್ರ ಆಟಕ್ಕೆಂದು ಬಂದು ಚಾಪೆಯ ಮೇಲೆ ಒರಗಿದವರ ನಿದ್ದೆ, ಮನೆಯಲ್ಲಿ ಮಲಗಿದವರದ್ದಲ್ಲ. ಹಾಗೆ ನೋಡಿದರೆ ಮನೆಯಲ್ಲಿ ಮಲಗಿದವರೇ ವಿರಳ. ನೆರೆಯವರೆಲ್ಲ ಪ್ರೇಕ್ಷಕರೇ ಆಗಿದ್ದಾಗ ಸದ್ದಿನ ಬಗ್ಗೆ ತಕರಾರು ಹುಟ್ಟುವುದಾದರೂ ಎಲ್ಲಿಂದ?

ಹಾಗೆಂದು ಹಿಂದಿನ ಕಾಲದಲ್ಲಿ ಜಗಳವೇ ಇರಲಿಲ್ಲವೆಂದು ಹೇಳಿದರೆ ಅದು ಸತ್ಯಕ್ಕೆ ದೂರ. ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಪೈಪೋಟಿಯಿಂದ ಆಡುವ ‘ಜೋಡಾಟ’ಗಳಲ್ಲಿ ಯಾರ ಚೆಂಡೆ ಮೇಲೆ, ಯಾರ ವೇಷ ಮೇಲೆ ಎಂಬ ಹಟ ಕೆಲವೊಮ್ಮೆ ಹೊಡೆದಾಟಕ್ಕೂ ತಿರುಗಿದ್ದುಂಟು. ಆದರೆ ಅದು ಅಭಿಮಾನಿಗಳೊಳಗಿನ ಜಗಳ. ಮಲಗಬೇಕೆನ್ನುವವನಿಗೂ ಆಡಬೇಕೆನ್ನುವವನಿಗೂ ನಡುವಿನ ವ್ಯಾಜ್ಯ ಅದಾಗಿರಲಿಲ್ಲ. ಇನ್ನು ಬೀದಿಯ ಮೆರವಣಿಗೆ, ವಾದ್ಯಗಳ ವಿಷಯ. ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯೊಡನೆ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಸೇಲಂನಲ್ಲಿ ನಡೆದ ಗಲಭೆಯ ಹಿನ್ನೆಲೆಯ ಮೊಕದ್ದಮೆಯೊಂದರಲ್ಲಿ ಮದರಾಸು ಹೈಕೋರ್ಟು 1883ರಲ್ಲಿ ಒಂದು ಮುಖ್ಯ ತತ್ತ್ವವನ್ನು ಎತ್ತಿಹಿಡಿಯಿತು: ಬೀದಿ ಎಲ್ಲರದು, ವಾದ್ಯಸಹಿತ ಮೆರವಣಿಗೆ ಹೋಗುವ ಹಕ್ಕು ಎಲ್ಲ ಪಂಗಡಗಳಿಗೂ ಇದೆ, ಆದರೆ ಇತರರ ಹಕ್ಕಿಗೆ ಧಕ್ಕೆ ಬಾರದಂತೆ ಅದು ನಡೆಯಬೇಕು. ಆಗ ನ್ಯಾಯಾಲಯದ ಮುಂದಿದ್ದುದು ದಾರಿಯ ಪ್ರಶ್ನೆ. ನಿದ್ದೆಯ ಪ್ರಶ್ನೆ ಇನ್ನೂ ಎದ್ದಿರಲಿಲ್ಲ.

ಅದನ್ನು ಎಬ್ಬಿಸಿದ್ದು ಧ್ವನಿವರ್ಧಕ. ದೊಂದಿ ಹೋಗಿ ಗ್ಯಾಸ್‌ಲೈಟು ಬಂದಾಗ, ಗ್ಯಾಸ್‌ಲೈಟು ಹೋಗಿ ವಿದ್ಯುದ್ದೀಪ ಬಂದಾಗ ನೆರೆಯವರಿಗೆ ತೊಂದರೆಯಾಗಲಿಲ್ಲ. ಬೆಳಕು ಬಯಲಿನೊಳಗೇ ಉಳಿಯಿತು. ಮೈಕು ಹಾಗಲ್ಲ. ಭಾಗವತರ ಕಂಠಕ್ಕೂ ಅರ್ಥಧಾರಿಯ ಮಾತಿಗೂ ಅದು ನೆರವಾಯಿತೆಂಬುದು ನಿಜ. ದೂರದಲ್ಲಿ ಕುಳಿತವನಿಗೂ ಸಂಭಾಷಣೆಯ ಅಕ್ಷರ ಅಕ್ಷರ ಕೇಳುವಂತಾಯಿತು. ಆದರೆ ತೆಂಗಿನ ಮರಕ್ಕೆ ಕಟ್ಟಿದ ತುತ್ತೂರಿಯಂಥ ಹಾರ್ನು ಸದ್ದನ್ನು ಪ್ರೇಕ್ಷಕರ ತಲೆಯ ಮೇಲಿಂದ ಹಾರಿಸಿ, ಆಟಕ್ಕೆ ಬಾರದವರ ಮನೆಯೊಳಕ್ಕೆ ತಲುಪಿಸಿತು.

ಶಾಲೆಯ ಪಾಠದಂತೆ ಒಂದು ಲೆಕ್ಕ ಹೇಳುತ್ತೇನೆ. ಸದ್ದನ್ನು ಡೆಸಿಬಲ್‌ಗಳಲ್ಲಿ ಅಳೆಯುತ್ತಾರೆ. 10 ಡೆಸಿಬಲ್ ಏರಿದರೆ ಸದ್ದಿನ ತೀವ್ರತೆ 10 ಪಟ್ಟು, 20 ಏರಿದರೆ 100 ಪಟ್ಟು. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಧ್ವನಿವರ್ಧಕದಿಂದ 10 ಮೀಟರು ದೂರದಲ್ಲಿ ಸದ್ದು 100 ಡೆಸಿಬಲ್ ಇದೆ ಎಂದಿಟ್ಟುಕೊಳ್ಳಿ. 160 ಮೀಟರು ಆಚೆಯ ಮನೆಯಂಗಳದಲ್ಲಿ ಅದು 76ರಷ್ಟು ಇರುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45. ವ್ಯತ್ಯಾಸ 31 ಡೆಸಿಬಲ್. ಅಂದರೆ ಮಿತಿಯ ಸಾವಿರ ಪಟ್ಟಿಗೂ ಮಿಗಿಲಾದ ತೀವ್ರತೆ. ಕಿಟಕಿ ಮುಚ್ಚಿ ಮಲಗಿ ಎಂದು ಹೇಳುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಇದರ ಜೊತೆಯಲ್ಲೇ ಊರಿನ ಬದುಕೂ ಬದಲಾಯಿತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1970ರ ಜನವರಿ 1ರಿಂದ ಭೂಸುಧಾರಣೆ ಬಿಗಿಯಾಗಿ ಜಾರಿಗೆ ಬಂದು ಉಳುವವನು ಒಡೆಯನಾದ. ಅದು ನ್ಯಾಯವೇ; ಆದರೆ ದೊಡ್ಡ ಬಯಲುಗಳು ಹಿಸ್ಸೆಯಾದವು. ಗದ್ದೆಗಳು ಅಡಿಕೆ ತೋಟಗಳಾದವು, ಮನೆ ನಿವೇಶನಗಳಾದವು. ಕೊಲ್ಲಿ ದೇಶಗಳ ಗಳಿಕೆಯಿಂದ ಹೊಸ ಮನೆಗಳೆದ್ದವು. ಆಟಕ್ಕೆ ಬಯಲಿಲ್ಲದಾಗಿ ರಸ್ತೆಯ ಬದಿ, ಭಜನಾ ಮಂದಿರದ ಅಂಗಳ, ಓಣಿಯ ತಿರುವುಗಳೇ ರಂಗಸ್ಥಳಗಳಾದವು. ಆಟದ ಮರುದಿನ ಮಧ್ಯಾಹ್ನದವರೆಗೆ ಮಲಗಲು ಬಿಡುವಿದ್ದ ಬೇಸಾಯಗಾರನ ಮೊಮ್ಮಗ ಬೆಳಗ್ಗೆ ಆರರ ಬಸ್ಸು ಹಿಡಿಯುವ ನೌಕರನಾದ. ಆಟದ ಋತುವಿನ ನಡುವೆಯೇ ಮಾರ್ಚ್ ತಿಂಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂದು ಕುಳಿತಿತು. ಇರುಳಿಡೀ ಎಚ್ಚರವಿರಬೇಕೆಂದು ಊರು ತನ್ನೊಳಗೆ ಮಾಡಿಕೊಂಡಿದ್ದ ಮೌನ ಒಪ್ಪಂದ ಯಾರೂ ಮುರಿಯದೆಯೇ ಮುರಿದುಬಿತ್ತು.

ಕಾನೂನು ಬಂದದ್ದು ಇದಾದ ಬಳಿಕ. 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ 2000ನೆಯ ಇಸವಿಯಲ್ಲಿ ಶಬ್ದಮಾಲಿನ್ಯ ನಿಯಮಗಳು ಹೊರಬಿದ್ದವು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕ ನಿಷಿದ್ಧವಾಯಿತು. 2002ರ ತಿದ್ದುಪಡಿಯು ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗಾಗಿ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ವಿನಾಯಿತಿ ಕೊಡುವ ಅಧಿಕಾರವನ್ನು ರಾಜ್ಯ ಸರಕಾರಗಳಿಗೆ ನೀಡಿತು. ಇದಕ್ಕೂ ಮೊದಲೇ, 1990ರ ದಶಕದ ಆರಂಭದಲ್ಲಿ, ಕೊಟ್ಟಾಯಂ ಕಡೆಯ ಪ್ರಕರಣವೊಂದರಲ್ಲಿ ಕೇರಳ ಹೈಕೋರ್ಟು, ಮಾತಾಡುವುದು ಮೂಲಭೂತ ಹಕ್ಕಾದರೂ ಧ್ವನಿವರ್ಧಕ ಬಳಸುವುದು ಮೂಲಭೂತ ಹಕ್ಕಲ್ಲವೆಂದು ಹೇಳಿತ್ತು. ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲಿ ಸ್ಪಷ್ಟಪಡಿಸಿತು. ಈ ನಿಯಮಗಳನ್ನು ಒಂದು ಧರ್ಮದವರ ಮೇಲಿನ ಹಗೆಯೆಂದು ತಿಳಿಯುವವರು ಗಮನಿಸಬೇಕು: ಸುಪ್ರೀಂ ಕೋರ್ಟಿನ ಆ ಮೊಕದ್ದಮೆ ಕ್ರೈಸ್ತ ಪ್ರಾರ್ಥನಾ ಸಂದರ್ಭದ ಧ್ವನಿವರ್ಧಕಗಳಿಗೆ ಸಂಬಂಧಿಸಿದ್ದು.

2005ರ ಜುಲೈ 18ರ ಸುಪ್ರೀಂ ಕೋರ್ಟಿನ ದೀರ್ಘ ತೀರ್ಪಿನ ಹಿಂದಿನ ಘಟನೆಯಂತೂ ಮನ ಕಲಕುವಂಥದು. 13 ವರ್ಷದ ಬಾಲಕಿಯೊಬ್ಬಳು ದೌರ್ಜನ್ಯಕ್ಕೆ ಗುರಿಯಾಗಿ ಸಹಾಯಕ್ಕಾಗಿ ಕೂಗಿಕೊಂಡಾಗ, ನೆರೆಯಲ್ಲಿ ಮೊಳಗುತ್ತಿದ್ದ ಧ್ವನಿವರ್ಧಕದ ಸಂಗೀತದಲ್ಲಿ ಅವಳ ಕೂಗು ಮುಳುಗಿಹೋಯಿತು. ಆ ಮಗು ಆಮೇಲೆ ಬದುಕಿ ಉಳಿಯಲಿಲ್ಲ. ಅದನ್ನು ಓದಿ ನೊಂದ ನಾಗರಿಕರೊಬ್ಬರು ನ್ಯಾಯಾಲಯದ ಬಾಗಿಲು ತಟ್ಟಿದರು. ಸದ್ದಿನ ಇತಿಹಾಸವೆಂದರೆ ಕೇಳಿಸಿದ್ದರ ಇತಿಹಾಸವಷ್ಟೇ ಅಲ್ಲ, ಕೇಳಿಸದೆ ಹೋದುದರ ಇತಿಹಾಸವೂ ಹೌದು.

ನಾನು ಈ ಮಾತುಗಳನ್ನು ನ್ಯಾಯಾಧೀಶನ ಪೀಠದಲ್ಲಿ ಕುಳಿತು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಹರಕೆ ಬಯಲಾಟದ ಸಮಿತಿಗೆ ನಾನೇ ಅಧ್ಯಕ್ಷನಾಗಿದ್ದೆ. ಆಟದ ಹಿಂದಿನ ದಿನ ಪಕ್ಕದ ಮನೆಯವರು ಬಂದು, “ಮಾಸ್ಟ್ರೇ, ಅಮ್ಮನಿಗೆ ತೀರ ಅಸೌಖ್ಯ. ಹತ್ತು ಗಂಟೆಯ ಮೇಲೆ ಆ ಹಾರ್ನನ್ನಾದರೂ ತೆಗೆಸಿಕೊಡಿ” ಎಂದು ಕೇಳಿಕೊಂಡರು. ವರ್ಷಕ್ಕೊಂದು ರಾತ್ರಿ, ದೇವರ ಕಾರ್ಯ, ಹೊಂದಿಕೊಳ್ಳಬೇಕಪ್ಪಾ ಎಂದುಬಿಟ್ಟೆ. ಅವರು ಮರುಮಾತಾಡದೆ ಹೋದರು. ನಡುರಾತ್ರಿಗೆ ಪೊಲೀಸರು ಬಂದರು, ಆಟ ಅರ್ಧಕ್ಕೆ ನಿಂತಿತು. ಸಮಿತಿಯ ತರುಣರು ಆ ಮನೆಯವರನ್ನು ಕಲಾದ್ರೋಹಿ ಎಂದರು. ಮನೆಮಾತು ಮಲಯಾಳವಾದ್ದರಿಂದ ಕನ್ನಡದ ದ್ವೇಷಿ ಎಂದೂ ಸೇರಿಸಿದರು. ನಾನು ತಡೆಯಲಿಲ್ಲ. ಅವರು ಬಾಲ್ಯದಲ್ಲಿ ನನ್ನ ಜೊತೆಯಲ್ಲೇ ಚಾಪೆ ಹಾಸಿ ಇರುಳಿಡೀ ಆಟ ನೋಡಿದವರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರ ತಾಯಿ ಎರಡು ವಾರಗಳಲ್ಲಿ ತೀರಿಕೊಂಡರು. ಆಟದ ಸದ್ದು ಅದಕ್ಕೆ ಕಾರಣವೆಂದು ಅವರು ಎಂದೂ ಹೇಳಲಿಲ್ಲ. ಆದರೆ ಎರಡು ವರ್ಷ ನಮ್ಮೊಳಗೆ ಮಾತಿರಲಿಲ್ಲ.

ಮೂರನೆಯ ವರ್ಷ ನಾವು ಕ್ರಮ ಬದಲಿಸಿದೆವು. ಸಂಜೆ ಐದೂವರೆಗೆ ಆರಂಭ, ಹತ್ತರೊಳಗೆ ಮಂಗಳ. ಹಾರ್ನು ಇಲ್ಲ, ರಂಗಸ್ಥಳದ ಇಕ್ಕೆಲದಲ್ಲಿ ತಗ್ಗಿನಲ್ಲಿರಿಸಿ ಪ್ರೇಕ್ಷಕರ ಕಡೆಗೇ ತಿರುಗಿಸಿದ ಎರಡು ಪೆಟ್ಟಿಗೆಗಳು ಮಾತ್ರ. ಆಮಂತ್ರಣ ಪತ್ರ ಹಿಡಿದು ಮೊದಲು ಆ ಮನೆಗೇ ಹೋದೆ. ತಪ್ಪು ನನ್ನದೆಂದು ಹೇಳಿದೆ. ಅವರು ಆಟಕ್ಕೆ ಬರಲಿಲ್ಲ. ಆದರೆ ಚೌಕಿಪೂಜೆಯ ಹೊತ್ತಿಗೆ ಅವರ ತೋಟದ ಹಿಂಗಾರವನ್ನು ಮಗನ ಕೈಯಲ್ಲಿ ಕಳುಹಿಸಿದ್ದರು. ಆ ಹುಡುಗ ಕೊನೆಯವರೆಗೂ ಕುಳಿತಿದ್ದ.

ಕಾಲಮಿತಿಯಿಂದ ಕಲೆ ಸೊರಗುತ್ತದೆ ಎಂಬ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇರುಳಿನ ನಾಲ್ಕು ಜಾವಗಳಿಗೆ ಹರಡಿದ್ದ ಪ್ರಸಂಗವನ್ನು ನಾಲ್ಕೈದು ಗಂಟೆಗಳಿಗೆ ಇಳಿಸುವಾಗ ಪೂರ್ವರಂಗ ಕಿರಿದಾಗುತ್ತದೆ, ನಿಧಾನದ ಸೊಗಸು ಕಳೆಯುತ್ತದೆ, ಬಣ್ಣದ ವೇಷಕ್ಕೆ ಬೆಳಗಿನ ಜಾವದ ಗಾಂಭೀರ್ಯ ದೊರೆಯುವುದಿಲ್ಲ. ಈ ನಷ್ಟ ನಿಜವಾದದ್ದು. ಆದರೂ ಯಕ್ಷಗಾನ ಎಂದೂ ಇದ್ದಂತೆಯೇ ಇದ್ದ ಕಲೆಯಲ್ಲ. ಡಾ. ಶಿವರಾಮ ಕಾರಂತರು ಅದನ್ನು ಕಿರಿದಾದ ಅವಧಿಗೆ ಹೊಂದಿಸಿ ಪ್ರಯೋಗ ಮಾಡಿದರು. ಇತ್ತೀಚಿನ ವರ್ಷಗಳಲ್ಲಿ ವೃತ್ತಿಮೇಳಗಳೂ ಕಾಲಮಿತಿಯ ಪ್ರದರ್ಶನಗಳಿಗೆ ಒಗ್ಗಿಕೊಂಡಿವೆ.

ಗಡಿನಾಡಿನವರಾದ ನಮಗೆ ಇಲ್ಲಿ ಪಣವಾಗಿರುವುದು ಒಂದು ರಾತ್ರಿಯ ಆಟಕ್ಕಿಂತ ದೊಡ್ಡದು. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿಗಳನ್ನಾಡುವ ಈ ನೆಲದ ಜನರಲ್ಲಿ ಎಷ್ಟೋ ಮಂದಿ, ಶಾಲೆಯ ಮೆಟ್ಟಿಲು ಹತ್ತದವರೂ ಸೇರಿ, ಕನ್ನಡವನ್ನು ಕಲಿತದ್ದು ಪುಸ್ತಕದಿಂದಲ್ಲ, ಬಯಲಾಟದ ಮಾತಿನಿಂದ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಅವರಿಗೆ ಕಿವಿಯ ಮೂಲಕವೇ ತಲುಪಿದವು. ಕನ್ನಡ ಇಲ್ಲಿ ಉಳಿದು ಬಂದದ್ದು ಕೇಳುವವರು ಒಲಿದು ಬಂದದ್ದರಿಂದ. ಬೇಡವೆನ್ನುವವರ ಕಿವಿಗೆ ಅದನ್ನು ಹಾರ್ನಿನ ಮೂಲಕ ತುಂಬಿ ಉಳಿಸಿಕೊಳ್ಳಲಾರೆವು. ಒಬ್ಬ ನೆರೆಯವನನ್ನು ಕಳೆದುಕೊಂಡರೆ ಕಳೆದುಕೊಳ್ಳುವುದು ಒಬ್ಬ ಪ್ರೇಕ್ಷಕನನ್ನು, ಅವನ ಮಕ್ಕಳನ್ನೂ.

‘ಕೇಳಿ’ ಎಂಬ ಮಾತು ನಮ್ಮಲ್ಲಿ ಆಟಕ್ಕೂ ಸಲ್ಲುತ್ತದೆ, ಆಲಿಸಿರೆಂಬ ವಿನಂತಿಗೂ ಸಲ್ಲುತ್ತದೆ. ಊರಿಗೆಲ್ಲ ಕೇಳಿ ಎಂದು ಚೆಂಡೆ ಬಾರಿಸುವ ನಾವು, ಪಕ್ಕದ ಮನೆಯವರು ಬಂದು ಹೇಳುವ ಮಾತನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಬೇಕು. ಈ ಸಮ್ಮೇಳನದ ಸಂದರ್ಭದಲ್ಲಿ ಸಂಘದ ಬಂಧುಗಳ ಮುಂದೆ ನಾನಿಡುವ ಅರಿಕೆ ಇಷ್ಟೇ.